ದಂತಧಾವನವೂ ದಂತಧಾವಳ್ಯವೂ

ದಂತಧಾವನ, ದಂತಧಾವಳ್ಯ ಎಂಬ ಎರಡು ಪದಗಳು ಕಿವಿಗೆ ಒಡಹುಟ್ಟಿದವುಗಳಂತೆ ಕೇಳಿಸುತ್ತವೆ. ಮೊದಲನೆಯದಕ್ಕೆ ಹಲ್ಲನ್ನು ತೊಳೆಯುವುದೆಂದು ಅರ್ಥ. ಎರಡನೆಯದಕ್ಕೆ ಹಲ್ಲಿನ ಬೆಳ್ಪು ಎಂದು ಅರ್ಥ. ಒಂದು ನಿತ್ಯಕರ್ಮ, ಇನ್ನೊಂದು ಅಲಂಕಾರ. ಇವೆರಡೂ ಒಂದೇ ಎಂದು ಬಗೆದು ಮೋಸಹೋದವರು ಹಿಂದೆಯೂ ಇದ್ದರು. ಇಂದು ಅಂಥವರ ಸಂಖ್ಯೆ ಹೆಚ್ಚಾಗಿದೆ. ಔಷಧದ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ನೀರಿನಂತಹ ದ್ರವವನ್ನು ಮನೆಯಲ್ಲಿಯೇ ಹಲ್ಲಿಗೆ ಸವರಿಕೊಂಡು ಬೆಳ್ಳಗೆ ಮಾಡಿಕೊಳ್ಳುವ ಪದ್ಧತಿ ಈಗ ನಮ್ಮ ಹಳ್ಳಿಗಳವರೆಗೂ ಬಂದಿದೆ. ಆ ದ್ರವವು ಎಲ್ಲಿ ಹುಟ್ಟಿತು, ವೈದ್ಯನ ಕೈಯಿಂದ ಗೃಹಸ್ಥನ ಕೈಗೆ ಹೇಗೆ ಬಂದಿತು, ಬರುವ ದಾರಿಯಲ್ಲಿ ಮನುಷ್ಯನು ಕಲಿತ ಪಾಠವೇನು ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಪ್ರೇರಣೆಯಾದುದು ನನ್ನ ಶಿಷ್ಯೆಯೊಬ್ಬಳಿಗೆ ಒದಗಿದ ಅನುಭವ. ಅದನ್ನು ತಕ್ಕ ಸ್ಥಳದಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಪ್ರಾಚೀನರ ಮಾತನ್ನು ನೋಡೋಣ. ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜ ಎಂಬ ಹೆಸರೂ ಉಂಟು. ಹಾಲುಹಲ್ಲಾಗಿ ಒಮ್ಮೆ, ಸ್ಥಿರದಂತವಾಗಿ ಮತ್ತೊಮ್ಮೆ ಹುಟ್ಟುವುದರಿಂದ ಈ ಹೆಸರು ಸಾರ್ಥಕವಾಗಿದೆ. ಆದರೆ ಮೂರನೆಯ ಜನ್ಮವೆಂಬುದು ಅದಕ್ಕಿಲ್ಲ. ಎರಡನೆಯ ಸಲ ಬಂದ ಹಲ್ಲು ಸವೆದರೆ ಸವೆಯಿತು. ಅದರ ಮೇಲಿನ ಗಟ್ಟಿಯಾದ ಹೊರಕವಚವನ್ನು ದೇಹವು ಮರಳಿ ಕಟ್ಟಿಕೊಡಲಾರದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗಿ ತಿಳಿಯುವುದು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದಂತಧಾವನದ ವಿಧಿ ಬರುವುದು ಐದನೆಯ ಅಧ್ಯಾಯದಲ್ಲಿ. ಆ ಅಧ್ಯಾಯದ ಹೆಸರು ಮಾತ್ರಾಶಿತೀಯ; ಎಂದರೆ ಮಾತ್ರೆಯನ್ನರಿತು ಉಣ್ಣುವವನ ವಿಷಯ. ಮಾತ್ರೆ ಎಂದರೆ ಇಲ್ಲಿ ನುಂಗುವ ಗುಳಿಗೆಯಲ್ಲ, ಪ್ರಮಾಣ, ಅಳತೆ. ಕರಂಜ, ಕರವೀರ, ಅರ್ಕ, ಮಾಲತೀ, ಕಕುಭ, ಅಸನ ಮುಂತಾದ ಗಿಡಮರಗಳ ಕಡ್ಡಿಯ ತುದಿಯನ್ನು ಜಗಿದು ಕುಂಚದಂತೆ ಮಾಡಿ, ಒಸಡಿಗೆ ನೋವಾಗದಂತೆ ಹಲ್ಲನ್ನು ಉಜ್ಜಬೇಕೆಂದು ಅಲ್ಲಿ ವಿಧಿಸಿದೆ. ಸುಶ್ರುತನು ಕಡ್ಡಿಯ ಉದ್ದವನ್ನು ಹನ್ನೆರಡು ಅಂಗುಲವೆಂದೂ ದಪ್ಪವನ್ನು ಕಿರುಬೆರಳಿನಷ್ಟೆಂದೂ ನಿಗದಿಮಾಡಿದ್ದಾನೆ; ಬಾಯಿ, ಗಂಟಲು, ನಾಲಗೆಗಳ ರೋಗವಿದ್ದವರು ಅದನ್ನು ಬಿಡಬೇಕೆಂದೂ ಹೇಳಿದ್ದಾನೆ. ಇವರಿಬ್ಬರ ಗಮನವೂ ದುರ್ಗಂಧ, ಮಲ, ಅರುಚಿಗಳ ನಿವಾರಣೆಯ ಕಡೆಗೆ ಇರುವುದೇ ಹೊರತು ಹಲ್ಲನ್ನು ಮಲ್ಲಿಗೆಯ ಮೊಗ್ಗಿನಂತೆ ಮಾಡುವುದರ ಕಡೆಗೆ ಅಲ್ಲ. ಕುಂದಕುಡ್ಮಲದ ಉಪಮಾನವನ್ನು ಅವರು ಕವಿಗಳಿಗೆ ಬಿಟ್ಟುಕೊಟ್ಟರು.

ಸುಶ್ರುತನು ಎಣಿಸುವ ದಂತರೋಗಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯವಾದುವು. ಒಂದು ಶ್ಯಾವದಂತಕ. ರಕ್ತದೊಡಗೂಡಿದ ಪಿತ್ತದಿಂದ ಬೆಂದು ಹಲ್ಲು ಕಪ್ಪಾಗುವುದು ಅದರ ಲಕ್ಷಣ; ಅದನ್ನು ಆತನು ಅಸಾಧ್ಯರೋಗಗಳ ಸಾಲಿಗೆ ಸೇರಿಸಿದ್ದಾನೆ. ಇನ್ನೊಂದು ದಂತಹರ್ಷ. ತಣ್ಣನೆಯ ವಸ್ತುವಾಗಲಿ, ಬರಿಯ ಸ್ಪರ್ಶವಾಗಲಿ ತಗುಲಿದೊಡನೆ ಹಲ್ಲು ಜುಮ್ಮೆನ್ನುವುದು ಅದರ ಲಕ್ಷಣ. ಈ ಎರಡು ಹೆಸರುಗಳನ್ನೂ ವಾಚಕರು ಮರೆಯಬಾರದು. ಮೊದಲನೆಯದನ್ನು ವಾಸಿಮಾಡಲು ಹೊರಟೇ ಪಾಶ್ಚಾತ್ಯರು ಹಲ್ಲಿನ ಬಣ್ಣ ತೆಗೆಯುವ ವಿದ್ಯೆಯನ್ನು ಕಂಡುಹಿಡಿದರು; ಆ ವಿದ್ಯೆ ಅಳತೆ ಮೀರಿದಾಗಲೆಲ್ಲ ಎರಡನೆಯದು ಬಂದು ಎದುರು ನಿಂತಿತು.

ಬಿಳಿಯ ಹಲ್ಲಿನ ಹಂಬಲ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಕವಿ ಕಟುಲ್ಲಸನು, ಸ್ಪೇನ್ ದೇಶದಿಂದ ಬಂದು ಸಮಯಾಸಮಯಗಳಿಲ್ಲದೆ ಹಲ್ಲು ಕಿರಿಯುತ್ತಿದ್ದ ಎಗ್ನಾಷಿಯಸ್ ಎಂಬಾತನನ್ನು ತನ್ನ ಪದ್ಯಗಳಲ್ಲಿ ಹಾಸ್ಯಮಾಡಿದ್ದಾನೆ. ಆ ಬೆಳ್ನಗೆಗೆ ಕಾರಣ ಹಳೆಯ ಮೂತ್ರದಿಂದ ಹಲ್ಲುಜ್ಜುವ ಅವನ ನಾಡಿನ ಪದ್ಧತಿ ಎಂಬುದೇ ಹಾಸ್ಯದ ತಿರುಳು. ಹಳಸಿದ ಮೂತ್ರದಲ್ಲಿ ಅಮೋನಿಯ ಹುಟ್ಟುವುದು. ರೋಮಿನ ಅಗಸರು ಬಟ್ಟೆಯ ಕೊಳೆ ತೆಗೆಯಲು ಇದನ್ನೇ ಬಳಸುತ್ತಿದ್ದರು. ಅನಂತರದ ಶತಮಾನಗಳಲ್ಲಿ ಯುರೋಪಿನ ಕ್ಷೌರಿಕವೈದ್ಯರು ಹಲ್ಲನ್ನು ಅರದಿಂದ ಉಜ್ಜಿ ಅದರ ಮೇಲೆ ತೀಕ್ಷ್ಣವಾದ ಆಮ್ಲವನ್ನು ಸವರುತ್ತಿದ್ದರು. ಹಲ್ಲೇನೋ ಒಡನೆಯೇ ಬೆಳ್ಳಗಾಗುತ್ತಿತ್ತು; ಆದರೆ ಅದು ಮೇಲಿನ ಕವಚ ಕರಗಿದುದರ ಬೆಳ್ಪು. ಕೆಲವು ವರ್ಷಗಳಲ್ಲಿ ಹಲ್ಲು ಹುಳಿತು ಹೋಗುತ್ತಿತ್ತು.

ಎಲ್ಲ ನಾಡುಗಳೂ ಬಿಳುಪನ್ನೇ ಚೆಲುವೆಂದು ಎಣಿಸಿದುವೆಂದು ತಿಳಿಯಲಾಗದು. ಜಪಾನಿನಲ್ಲಿ ವಿವಾಹಿತ ಸ್ತ್ರೀಯರು ಕಬ್ಬಿಣದ ದ್ರಾವಣದಿಂದ ಹಲ್ಲನ್ನು ಕಪ್ಪುಮಾಡಿಕೊಳ್ಳುತ್ತಿದ್ದರು. ೧೮೭೦ರಲ್ಲಿ ಅಲ್ಲಿಯ ಸರ್ಕಾರವು ಕುಲೀನರಿಗೆ ಈ ಪದ್ಧತಿಯನ್ನು ನಿಷೇಧಿಸಿತು. ೧೮೭೩ರಲ್ಲಿ ಸಾಮ್ರಾಜ್ಞಿಯೇ ಬಿಳಿಯ ಹಲ್ಲಿನಿಂದ ಕಾಣಿಸಿಕೊಂಡ ಮೇಲೆ ಅದು ಕ್ರಮವಾಗಿ ಹಿಂದೆ ಸರಿಯಿತು. ನಮ್ಮಲ್ಲಿಯೂ ತಾಂಬೂಲದಿಂದ ಕೆಂಪೇರಿದ ಬಾಯಿ ಸೌಭಾಗ್ಯದ ಗುರುತಾಗಿದ್ದ ಕಾಲವಿತ್ತು. ಅಂದಮೇಲೆ ಬಣ್ಣದ ಆಸೆ ಕಾಲಧರ್ಮಕ್ಕೆ ಒಳಪಟ್ಟುದು. ಹಲ್ಲಿನ ಗಟ್ಟಿತನ ಮಾತ್ರ ಎಲ್ಲ ಕಾಲದಲ್ಲಿಯೂ ಬೇಕಾದುದು.

ಇನ್ನು ನಮ್ಮ ಕಥಾನಾಯಕನ ಜನ್ಮವೃತ್ತಾಂತ. ೧೮೧೮ರಲ್ಲಿ ಪ್ಯಾರಿಸಿನ ರಸಾಯನಶಾಸ್ತ್ರಜ್ಞ ಲೂಯಿ ಜಾಕ್ ತೆನಾರ್ ಎಂಬಾತನು ಬೇರಿಯಂ ಪೆರಾಕ್ಸೈಡಿನ ಮೇಲೆ ಆಮ್ಲವನ್ನು ಪ್ರಯೋಗಿಸಿ ಒಂದು ಹೊಸ ದ್ರವವನ್ನು ಪಡೆದನು. ನೀರಿನಲ್ಲಿ ಜಲಜನಕದ ಎರಡು ಪರಮಾಣುಗಳಿಗೆ ಆಮ್ಲಜನಕದ ಪರಮಾಣು ಒಂದು. ಈ ದ್ರವದಲ್ಲಿ ಎರಡು. ಆದಕಾರಣ ಆತನು ಅದನ್ನು ಆಮ್ಲಜನಕಯುಕ್ತ ಜಲವೆಂದು ಕರೆದನು. ಹೆಚ್ಚಿನ ಆ ಒಂದು ಪರಮಾಣು ಒಲ್ಲದ ಮನೆಯಲ್ಲಿರುವ ಅತಿಥಿಯಂತೆ; ಸ್ವಲ್ಪ ಬೆಳಕು, ಸ್ವಲ್ಪ ಶಾಖ, ಸ್ವಲ್ಪ ರಕ್ತದ ಸೋಂಕು ದೊರೆತರೆ ಸಾಕು, ಹೊರಟುಬಿಡುವುದು. ಅದನ್ನು ಕಂದುಬಣ್ಣದ ಸೀಸೆಯಲ್ಲಿ ಇಡುವುದೂ, ಗಾಯದ ಮೇಲೆ ಸುರಿದರೆ ನೊರೆ ಏಳುವುದೂ ಇದರಿಂದಲೇ. ಹೊರಟ ಆಮ್ಲಜನಕವು ಬಣ್ಣವುಳ್ಳ ಪದಾರ್ಥಗಳ ಅಣುಗಳನ್ನು ಒಡೆದು ಬಣ್ಣಗೆಡಿಸುತ್ತದೆ. ಕಾಲವಶದಿಂದ ಕಪ್ಪಿಟ್ಟ ಹಳೆಯ ಚಿತ್ರಗಳಲ್ಲಿ ಸೀಸದ ಬಿಳಿಬಣ್ಣವನ್ನು ಮರಳಿ ಬೆಳಗಿಸಲು ಇದು ಉಪಯೋಗವಾಯಿತು. ೧೮೬೭ರ ಪ್ಯಾರಿಸ್ ಪ್ರದರ್ಶನದಲ್ಲಿ ಕೂದಲನ್ನು ಹೊಂಬಣ್ಣಕ್ಕೆ ತಿರುಗಿಸುವ ಸಾಧನವಾಗಿ ಜನರ ಕಣ್ಣಿಗೆ ಬಿತ್ತು. ಗಾಯಗಳನ್ನು ತೊಳೆಯುವ ಔಷಧವಾಗಿಯೂ ಹೆಸರು ಪಡೆಯಿತು. ಹೀಗೆ ಚಿತ್ರ, ಕೂದಲು, ಗಾಯಗಳನ್ನು ದಾಟಿ ಅದು ಹಲ್ಲಿನ ಬಳಿಗೆ ಬಂದಿತು.

ಪೆಟ್ಟು ಬಿದ್ದ ಹಲ್ಲಿನೊಳಗೆ ರಕ್ತವು ಇಳಿದು, ಜೀವ ಸತ್ತು, ಹಲ್ಲು ಕಪ್ಪಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸುಶ್ರುತನು ಅಸಾಧ್ಯವೆಂದು ಬಿಟ್ಟ ಶ್ಯಾವದಂತಕವನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ದಂತವೈದ್ಯರು ಇಂತಹ ಹಲ್ಲಿನ ಒಳಗೆ, ನಮ್ಮಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಜಾತಿಯ ಕ್ಲೋರಿನ್‌ಯುಕ್ತ ಸುಣ್ಣವನ್ನು ಇಟ್ಟು ಬಣ್ಣ ತೆಗೆಯಲಾರಂಭಿಸಿದರು. ೧೮೬೪ರಲ್ಲಿ ಟ್ರೂಮನ್ ಎಂಬಾತನು ಅದಕ್ಕೆ ಆಮ್ಲವನ್ನು ಸೇರಿಸುವ ಕ್ರಮವನ್ನು ತಿಳಿಸಿದನು. ೧೮೮೪ರಲ್ಲಿ ಹಾರ್ಲನ್ ಎಂಬ ವೈದ್ಯನು ಹೈಡ್ರೋಜನ್ ಪೆರಾಕ್ಸೈಡಿನಿಂದ ಹಲ್ಲಿನ ಬಣ್ಣ ತೆಗೆದ ವಿಷಯವನ್ನು ಪ್ರಕಟಿಸಿದನು. ಹಲ್ಲನ್ನು ಕೆರೆಯದೆ, ಕರಗಿಸದೆ, ಒಳಗಿನ ಬಣ್ಣವನ್ನು ಮಾತ್ರ ಒಡೆಯುವ ಉಪಾಯವು ಹೀಗೆ ಕೈಗೆ ಬಂದಿತು. ಅರ ಮತ್ತು ಆಮ್ಲಗಳ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆಯೇ ಸರಿ.

ಆದರೆ ಸಾಧನ ಸಿಕ್ಕಿದೊಡನೆ ಅಳತೆ ಸಿಗುವುದಿಲ್ಲ. ಬೇಗ ಬೆಳ್ಳಗಾಗಬೇಕೆಂಬ ಆತುರದಿಂದ ಒಬ್ಬರು ವಿದ್ಯುತ್ತನ್ನು ಹರಿಸಿದರು. ೧೯೧೮ರಲ್ಲಿ ಒಬ್ಬರು ತೀವ್ರವಾದ ದೀಪದ ಬೆಳಕನ್ನೂ ಶಾಖವನ್ನೂ ಕೂಡಿಸಿದರು. ಶೇಕಡ ೩೦ಕ್ಕೂ ಹೆಚ್ಚು ತೀಕ್ಷ್ಣವಾದ ದ್ರಾವಣವನ್ನು ಬಿಸಿಮಾಡಿದ ಉಪಕರಣಗಳೊಡನೆ ಬಳಸುವುದು ವಾಡಿಕೆಯಾಯಿತು. ಇದಕ್ಕೆ ಪ್ರತಿಯಾಗಿ ೧೯೬೧ರಲ್ಲಿ ಸ್ಪಾಸರ್ ಎಂಬಾತನು ಸೌಮ್ಯವಾದ ದಾರಿಯೊಂದನ್ನು ತೋರಿಸಿದನು. ಸತ್ತ ಹಲ್ಲಿನೊಳಗೆ ಸೋಡಿಯಂ ಪರ್ಬೋರೇಟಿನ ಮುದ್ದೆಯನ್ನು ಇಟ್ಟು ಮುಚ್ಚಿ, ರೋಗಿಯನ್ನು ಮನೆಗೆ ಕಳುಹಿಸಿ, ಕೆಲವು ದಿನಗಳಲ್ಲಿ ನಿಧಾನವಾಗಿ ಬಣ್ಣ ಇಳಿಯಲು ಬಿಡುವುದೇ ಆ ಕ್ರಮ. ೧೯೭೯ರಲ್ಲಿ, ತೀಕ್ಷ್ಣ ದ್ರಾವಣವನ್ನೂ ಶಾಖವನ್ನೂ ಕೂಡಿಸಿ ಬಣ್ಣ ತೆಗೆದ ಕೆಲವು ಹಲ್ಲುಗಳಲ್ಲಿ ವರ್ಷಗಳ ತರುವಾಯ ಬೇರೇ ಸವೆದುಹೋದ ಉದಾಹರಣೆಗಳು ಪ್ರಕಟವಾದುವು. ನಿಧಾನದ ದಾರಿಯೇ ಮೇಲೆಂಬುದು ಆಗ ಮನವರಿಕೆಯಾಯಿತು.

ಈ ದ್ರವವು ಮನೆಗೆ ಬಂದುದು ಒಂದು ಆಕಸ್ಮಿಕದಿಂದ. ೧೯೬೮ರ ಸುಮಾರಿಗೆ ಅಮೆರಿಕದ ಆರ್ಕನ್ಸಾ ಸಂಸ್ಥಾನದ ಫೋರ್ಟ್ ಸ್ಮಿತ್ ಎಂಬ ಊರಿನಲ್ಲಿ, ವಕ್ರದಂತಗಳನ್ನು ಸರಿಪಡಿಸುತ್ತಿದ್ದ ಕ್ಲೂಸ್ಮಯರ್ ಎಂಬ ವೈದ್ಯನು, ಒಸಡು ಊದಿಕೊಂಡಿದ್ದ ರೋಗಿಗೆ ಔಷಧವೊಂದನ್ನು ಕೊಟ್ಟನು. ರಾತ್ರಿ ಹಲ್ಲಿಗೆ ತೊಡುವ ಅಚ್ಚಿನೊಳಗೆ ಅದನ್ನು ಹಾಕಿಕೊಂಡು ಮಲಗಬೇಕು. ಆ ಔಷಧವು ಶೇಕಡ ೧೦ರ ಕಾರ್ಬಮೈಡ್ ಪೆರಾಕ್ಸೈಡ್. ಅದರಿಂದ ಬಿಡುಗಡೆಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಶೇಕಡ ಮೂರುವರೆಯಷ್ಟು ಮಾತ್ರ. ಒಸಡು ವಾಸಿಯಾಯಿತು, ಅದರೊಡನೆ ಹಲ್ಲೂ ಬೆಳ್ಳಗಾಗಿತ್ತು! ಇದನ್ನು ಆತನು ಸಹೋದ್ಯೋಗಿಗಳಿಗೆ ಹೇಳಿದನು. ಆದರೆ ಲೋಕಕ್ಕೆ ತಿಳಿಯಲು ಎರಡು ದಶಕಗಳೇ ಹಿಡಿದುವು. ೧೯೮೯ರಲ್ಲಿ ಉತ್ತರ ಕ್ಯಾರೊಲಿನದ ವಿಶ್ವವಿದ್ಯಾಲಯದ ಹೇವುಡ್ ಮತ್ತು ಹೈಮನ್ ಎಂಬ ವೈದ್ಯರು ಈ ಕ್ರಮವನ್ನು ಪರೀಕ್ಷಿಸಿ ಶಾಸ್ತ್ರೀಯವಾಗಿ ಪ್ರಕಟಿಸಿದರು. ಸೌಮ್ಯವಾದ ಔಷಧ, ಬಾಯಿಯ ಅಳತೆಗೆ ಮಾಡಿದ ಅಚ್ಚು, ಕೆಲವು ವಾರಗಳ ಕಾಲ, ವೈದ್ಯನ ಮೇಲ್ವಿಚಾರಣೆ: ಈ ನಾಲ್ಕೂ ಸೇರಿ ಒಂದು ವಿಧಾನವಾಯಿತು. ೨೦೦೧ರ ವೇಳೆಗೆ ಹಲ್ಲಿಗೆ ಅಂಟಿಸುವ ಪಟ್ಟಿಗಳು ಅಮೆರಿಕದ ಅಂಗಡಿಗಳಿಗೆ ಬಂದುವು. ನಾಲ್ಕು ಅಂಗಗಳಲ್ಲಿ ಕೊನೆಯದು ಅಲ್ಲಿಂದ ಮೆಲ್ಲಗೆ ಕಳಚಿಕೊಂಡಿತು.

ಈಗ ನನ್ನ ಶಿಷ್ಯೆಯ ವಿಷಯ. ನಾನು ಕೆಲಕಾಲ ಕೋಲಾರದ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ, ಸಂಸ್ಕೃತಗಳನ್ನು ಪಾಠಹೇಳುತ್ತಿದ್ದೆನು. ಅಲ್ಲಿಯ ಮಕ್ಕಳಲ್ಲಿ ಅನೇಕರ ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳೂ ಸುಣ್ಣದ ಚುಕ್ಕೆಯಂತಹ ಬಿಳಿಯ ಮಚ್ಚೆಗಳೂ ಇದ್ದುವು. ಒಬ್ಬ ಹುಡುಗಿ ಪದ್ಯವನ್ನು ಬಲು ಇಂಪಾಗಿ ಓದುತ್ತಿದ್ದಳು. ಆದರೆ ಓದುವಾಗಲೂ ಎಡಗೈ ಬಾಯಿಗೆ ಅಡ್ಡವಾಗಿಯೇ ಇರುತ್ತಿತ್ತು. ಹಲ್ಲುಜ್ಜುವುದಿಲ್ಲವೆಂದು ಪಟ್ಟಣದ ಮಕ್ಕಳು ಹಾಸ್ಯಮಾಡಿದ್ದರಂತೆ. ಒಂದು ದಿನ ಆಕೆಯ ಅಜ್ಜಿ ಶಾಲೆಗೆ ಬಂದಿದ್ದರು. ಎಪ್ಪತ್ತು ದಾಟಿದ ಆಕೆಯ ಹಲ್ಲುಗಳು ಸವೆದಿದ್ದರೂ ಕಲೆಯಿಲ್ಲದೆ ಇದ್ದುವು. “ಮೇಷ್ಟ್ರೇ, ನಾವು ಇದ್ದಿಲಿನಲ್ಲಿ ಹಲ್ಲು ತಿಕ್ಕಿದವರು. ಈ ಮಗು ಪೇಸ್ಟಿನಲ್ಲಿ ಎರಡು ಹೊತ್ತು ತಿಕ್ಕುತ್ತದೆ. ಆದರೂ ಹೀಗೇಕೆ?” ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

ಆ ಉತ್ತರಕ್ಕೂ ಒಂದು ಚರಿತ್ರೆಯುಂಟು. ೧೯೦೧ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಮೆಕೇ ಎಂಬ ತರುಣ ದಂತವೈದ್ಯನು ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಇಂತಹುದೇ ಕಂದುಕಲೆಯನ್ನು ಕಂಡನು. ೧೯೦೯ರಲ್ಲಿ ಪ್ರಸಿದ್ಧ ದಂತವೈದ್ಯ ಜಿ. ವಿ. ಬ್ಲಾಕ್ ಅವನೊಡನೆ ಸೇರಿದನು. ದೋಷವು ನೀರಿನಲ್ಲಿದೆಯೆಂದು ಮೆಕೇ ಊಹಿಸಿದನು, ಏನೆಂಬುದು ತಿಳಿಯಲಿಲ್ಲ. ೧೯೩೧ರಲ್ಲಿ ಆರ್ಕನ್ಸಾದ ಬಾಕ್ಸೈಟ್ ಎಂಬ ಊರಿನ ನೀರನ್ನು ಪರೀಕ್ಷಿಸಿದ ಚರ್ಚಿಲ್ ಎಂಬ ರಸಾಯನಜ್ಞನು ಅದರಲ್ಲಿ ಫ್ಲೋರೈಡ್ ಅಧಿಕವಾಗಿರುವುದನ್ನು ಕಂಡುಹಿಡಿದನು. ೧೯೩೭ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಇದೇ ದ್ರವ್ಯದಿಂದ ಎಲುಬುಗಳೇ ಬಿಗಿದುಹೋದ ರೋಗಿಗಳ ವರದಿ ಹೊರಬಿದ್ದಿತು. ಅದೇ ವರ್ಷ ಅಮೆರಿಕದಲ್ಲಿ ಏಮ್ಸ್ ಎಂಬಾತನು ಪೆರಾಕ್ಸೈಡಿಗೆ ಈಥರನ್ನು ಬೆರಸಿ, ಶಾಖದೊಡನೆ ಪ್ರಯೋಗಿಸಿ, ಇಂತಹ ಕಲೆಗಳನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಒಂದೇ ವರ್ಷದಲ್ಲಿ ಒಂದು ಕಡೆ ಬಣ್ಣ ತೆಗೆಯುವ ಉಪಾಯ, ಇನ್ನೊಂದು ಕಡೆ ಆ ಬಣ್ಣವು ಯಾವುದರ ಮುನ್ಸೂಚನೆಯೆಂಬ ಅರಿವು!

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು ಮುಂತಾದ ನಮ್ಮ ಜಿಲ್ಲೆಗಳ ಅನೇಕ ಊರುಗಳಲ್ಲಿ ಅಂತರ್ಜಲದ ಫ್ಲೋರೈಡ್ ಮಿತಿಯನ್ನು ಮೀರಿದೆ. ಲೀಟರಿಗೆ ೧ ಮಿಲಿಗ್ರಾಮಿನೊಳಗೆ ಇರುವುದು ಒಳ್ಳೆಯದು, ಬೇರೆ ನೀರಿಲ್ಲದಿದ್ದರೂ ೧.೫ ಮಿಲಿಗ್ರಾಮನ್ನು ದಾಟಬಾರದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ನಿಯಮ. ಸ್ಥಿರದಂತವು ಒಸಡಿನೊಳಗೆ ರೂಪುಗೊಳ್ಳುವ ಶೈಶವ, ಬಾಲ್ಯಗಳಲ್ಲಿ ಇಂತಹ ನೀರು ಕುಡಿದವರಿಗೆ ಹಲ್ಲಿನ ಕಲೆ ಬರುವುದು; ಬೆಳೆದ ಮೇಲೆ ಕುಡಿದವರಿಗೆ ಬಾರದು. ಅಜ್ಜಿ ಬಾಲ್ಯದಲ್ಲಿ ಕುಡಿದುದು ಕೆರೆಯ ಮಗ್ಗುಲಿನ ತೆರೆದ ಬಾವಿಯ ನೀರು. ಮೊಮ್ಮಗಳು ಕುಡಿದುದು ಕೆರೆ ಬತ್ತಿದ ಮೇಲೆ ಆಳದಿಂದ ಎತ್ತಿದ ಕೊಳವೆಬಾವಿಯ ನೀರು. ಹಲ್ಲಿನ ಕಲೆ ಮಗುವಿನ ಸೋಮಾರಿತನಕ್ಕೆ ಸಾಕ್ಷಿಯಲ್ಲ, ಬತ್ತಿದ ಕೆರೆಗೆ ಸಾಕ್ಷಿ.

ಕೆಲವು ವರ್ಷಗಳ ಮೇಲೆ ಆ ಹುಡುಗಿಗೆ ಮದುವೆಯ ಮಾತು ಬಂದಿತು. ಹೆಣ್ಣು ನೋಡಲು ಬರುವವರಿದ್ದರು. ಯಾರೋ ಹೇಳಿದರೆಂದು ಗಾಯಕ್ಕೆ ಹಾಕುವ ಪೆರಾಕ್ಸೈಡಿನ ಸೀಸೆಯನ್ನು ತಂದು, ಅಡುಗೆಸೋಡದೊಡನೆ ಕಲಸಿ, ಹತ್ತಿಯಲ್ಲಿ ಅದ್ದಿ, ಎರಡು ಹೊತ್ತೂ ಕಾಲು ಗಂಟೆ ಹಲ್ಲಿಗೆ ಒತ್ತಿ ಹಿಡಿದಳಂತೆ. ನಾಲ್ಕನೆಯ ದಿನಕ್ಕೆ ಒಸಡಿನ ಅಂಚು ಬೆಂದು ಬಿಳಿಚಿತು. ತಣ್ಣೀರು ಸೋಂಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇದೇ ಸುಶ್ರುತನ ದಂತಹರ್ಷ! ಕಂದುಬಣ್ಣ ಒಂದಿಷ್ಟು ತಿಳಿಯಾಯಿತು, ನಿಜ. ಆದರೆ ಬಿಳಿಯ ಮಚ್ಚೆಗಳು ಮೊದಲಿಗಿಂತ ಎದ್ದುಕಂಡುವು. ಹೆಣ್ಣು ನೋಡಲು ಬಂದವರ ಮುಂದೆ ಆಕೆ ಬಾಯಿ ತೆರೆಯಲೇ ಇಲ್ಲ. ಆ ಸಂಬಂಧ ತಪ್ಪಿತು.

ಆ ಸೀಸೆಯಲ್ಲಿದ್ದುದೇನೆಂಬುದನ್ನು ವಾಚಕರು ತಿಳಿಯಬೇಕು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ೨೦ ವಾಲ್ಯೂಮ್ ಎಂದು ಬರೆದ ದ್ರಾವಣ. ಒಂದು ಅಳತೆಯ ದ್ರವದಿಂದ ಇಪ್ಪತ್ತು ಅಳತೆಯ ಆಮ್ಲಜನಕ ವಾಯು ಹೊರಡುವುದೆಂದು ಇದರ ಅರ್ಥ. ಅದು ಶೇಕಡ ೬ರಷ್ಟು ತೀಕ್ಷ್ಣವಾದುದು. ಯುರೋಪಿನ ಒಕ್ಕೂಟವು ೨೦೧೧ರಲ್ಲಿ ಮಾಡಿ ೨೦೧೨ರಲ್ಲಿ ಜಾರಿಗೆ ತಂದ ನಿಯಮದಂತೆ, ಹಲ್ಲು ಬಿಳಿಮಾಡುವ ಪದಾರ್ಥಗಳಲ್ಲಿ ಶೇಕಡ ೦.೧ರವರೆಗೆ ಪೆರಾಕ್ಸೈಡ್ ಇರುವವನ್ನು ಮಾತ್ರ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೆ ಮೇಲ್ಪಟ್ಟು ಶೇಕಡ ೬ರವರೆಗಿನದನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು. ಮೊದಲ ಪ್ರಯೋಗ ವೈದ್ಯನ ಕೈಯಿಂದ ಅಥವಾ ಅವನ ಕಣ್ಣೆದುರಿಗೆ ನಡೆಯಬೇಕು. ಹದಿನೆಂಟು ತುಂಬದವರಿಗೆ ಸಲ್ಲದು. ಹಾಗಿರಲು, ಗಾಯಕ್ಕೆಂದು ಇಟ್ಟ ಸೀಸೆಯನ್ನು ನೀರು ಬೆರಸದೆ, ಅಚ್ಚಿಲ್ಲದೆ, ಒಸಡಿಗೆ ರಕ್ಷೆಯಿಲ್ಲದೆ ಬಾಯಿಗೆ ಒತ್ತಿಕೊಳ್ಳುವುದು ಎಷ್ಟರಮಟ್ಟಿನ ಸಾಹಸವೆಂಬುದನ್ನು ಹೇಳಬೇಕಾಗಿಲ್ಲ. ಅದರೊಡನೆ ನಿಂಬೆಯ ರಸವನ್ನೂ ಹಿಂಡುವವರುಂಟು. ಅವರು ಹಳೆಯ ಕ್ಷೌರಿಕವೈದ್ಯನ ಆಮ್ಲವನ್ನೇ ಮರಳಿ ಮನೆಗೆ ಕರೆದಂತಾಯಿತು.

ಪೆರಾಕ್ಸೈಡನ್ನು ದೂಷಿಸುವುದು ನನ್ನ ಅಭಿಪ್ರಾಯವಲ್ಲ. ಅದು ಹಲ್ಲಿನ ಹೊರಕವಚವನ್ನು ಹಾದು, ಒಳಗಿನ ಡೆಂಟಿನ್ ಎಂಬ ಪದರದ ಬಣ್ಣವನ್ನೂ ತಿಳಿಗೊಳಿಸಬಲ್ಲುದು. ತಕ್ಕ ಅಳತೆಯಲ್ಲಿ ಬಳಸಿದಾಗ ಹಲ್ಲು ಜುಮ್ಮೆನ್ನುವುದು ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಶಾಂತವಾಗುವುದು. ಆದರೆ ಅದರ ಮಿತಿಯನ್ನು ಅರಿಯಬೇಕು. ತುಂಬಿಸಿದ ಹಲ್ಲು, ಕಟ್ಟಿಸಿದ ಹಲ್ಲುಗಳ ಬಣ್ಣ ಅದರಿಂದ ಬದಲಾಗದು. ಹೊಗೆಸೊಪ್ಪು, ಎಲೆಅಡಿಕೆಗಳ ಮೇಲ್ಕಲೆಗೆ ದಂತವೈದ್ಯನು ಮಾಡುವ ಶುದ್ಧಿಯೇ ಬಹುಮಟ್ಟಿಗೆ ಸಾಕು. ಹುಳುಕು ಹಲ್ಲು, ಬೇರು ಕಾಣುವ ಹಲ್ಲುಗಳುಳ್ಳವರು ಮೊದಲು ಅವಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಬಂದ ಬೆಳ್ಪೂ ಶಾಶ್ವತವಲ್ಲ, ಕಾಲಕ್ರಮದಲ್ಲಿ ಇಳಿಯುವುದು. ನೂರಾರು ವರ್ಷಗಳ ಪ್ರಯೋಗದಿಂದ ವೈದ್ಯರು ಕಲಿತುದು ಇಷ್ಟೆ: ತೀಕ್ಷ್ಣತೆಯನ್ನು ತಗ್ಗಿಸು, ಕಾಲವನ್ನು ಹೆಚ್ಚಿಸು, ಬಣ್ಣದ ಕಾರಣವನ್ನು ಮೊದಲು ಕೇಳು. ಚರಕನು ದಂತಧಾವನವನ್ನು ಮಾತ್ರೆಯ ಅಧ್ಯಾಯದಲ್ಲಿ ಇಟ್ಟುದು ಎಷ್ಟು ಔಚಿತ್ಯಪೂರ್ಣವೆಂದು ನನಗೆ ಈಗ ತೋರುತ್ತದೆ.

ನನ್ನ ಶಿಷ್ಯೆಯನ್ನು ತಾಲ್ಲೂಕಿನ ಊರಿನ ದಂತವೈದ್ಯರೊಬ್ಬರ ಬಳಿಗೆ ನಾನೇ ಕರೆದುಕೊಂಡು ಹೋದೆನು. ಅವರು ಸೀಸೆಯನ್ನು ಬಿಡಿಸಿದರು. ಒಸಡು ವಾರದೊಳಗೆ ವಾಸಿಯಾಯಿತು. ಆಮೇಲೆ ಮೇಲಿನ ಕಲೆಯನ್ನು ಅತಿ ತೆಳುವಾಗಿ ಉಜ್ಜಿ, ಸೌಮ್ಯವಾದ ಔಷಧವನ್ನು ಅಚ್ಚಿನಲ್ಲಿ ಕೊಟ್ಟರು. ಕಲೆ ಪೂರ್ತಿಯಾಗಿ ಹೋಗಲಿಲ್ಲ. ಆದರೆ ಕೈ ಬಾಯಿಯಿಂದ ಇಳಿಯುವಷ್ಟು ಹೋಯಿತು. ಅದಕ್ಕಿಂತಲೂ ಹೆಚ್ಚಿನ ಉಪಕಾರವೆಂದರೆ, ಕಲೆಯ ಕಾರಣವನ್ನು ಆಕೆಗೆ ತಿಳಿಯ ಹೇಳಿದುದು.

ಆಕೆಗೆ ಬೇರೆ ಕಡೆ ಮದುವೆಯಾಯಿತು. ಮಗಳು ಹುಟ್ಟಿದ ಮೇಲೆ ಆಕೆ ಮನೆಯ ಮಾಳಿಗೆಯ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಸಿ, ಸೋಸಿ ಕಾಯಿಸಿ, ಕುಡಿಯಲು ಅದನ್ನೇ ಕೊಟ್ಟು ಮಗುವನ್ನು ಬೆಳಸಿದಳು. ಎರಡು ವರ್ಷಗಳ ಹಿಂದೆ ದೀಪಾವಳಿಗೆ ತವರಿಗೆ ಬಂದಾಗ ಮಗುವನ್ನು ನಮ್ಮ ಮನೆಗೆ ಕರೆತಂದಳು. ಹಾಲುಹಲ್ಲು ಬಿದ್ದು ಮುಂದಿನ ಎರಡು ಹಲ್ಲುಗಳು ಹೊಸದಾಗಿ ಬಂದಿದ್ದುವು. “ನೋಡಿ, ಮೇಷ್ಟ್ರೇ” ಎಂದು ತಾಯಿ ಮಗುವಿನ ಗಲ್ಲವನ್ನು ಎತ್ತಿ ಹಿಡಿದಳು. ದ್ವಿಜವು ಎರಡನೆಯ ಸಲ ಹುಟ್ಟಿ ಬಂದಿತ್ತು. ಅದರ ಮೇಲೆ ಕಲೆಯಿರಲಿಲ್ಲ.